ನೀರಿನ ಗಡಿಗೆಗೆ ಸ್ಪೀಕರ್ ಕೂರಿಸಿದ ದಿನ

ನಾನು ಚಿಕ್ಕವನಿದ್ದಾಗ, ೧೯೭೯ರಲ್ಲಿ, ಏಳನೇ ತರಗತಿಗೆ ನನ್ನ ಓದು ನಿಂತಿತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ತ್ಯಾವಣಿಗೆಯ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದೆ. ದಿನವಿಡೀ ವಾರ್ನಿಶ್ ವಾಸನೆ. ಸಂಜೆ ಮನೆಗೆ ಬಂದರೆ ಇದ್ದ ಒಂದೇ ಸುಖವೆಂದರೆ ಅಪ್ಪನ ರೇಡಿಯೋ. ಅದರ ಮುಂದೆ ನಾನೂ ಅಕ್ಕನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದೆವು. ಹಾಡು ಶುರುವಾದರೆ ಅಕ್ಕ ಕಣ್ಣು ಮುಚ್ಚುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆ.

ಆ ಬೇಸಿಗೆಯಲ್ಲಿ ಎದುರುಮನೆಯ ದೊಡ್ಡಪ್ಪ ಮುಂಬಯಿಯಿಂದ ಟೇಪ್ ರೆಕಾರ್ಡರ್ ತರಿಸಿದರು. ಎರಡು ಸ್ಪೀಕರಿನದು, ಗುಂಡಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ತಬಲಾ ಎಡಗಡೆಯಿಂದ ಕೇಳಿದರೆ ಕೊಳಲು ಬಲಗಡೆಯಿಂದ ಕೇಳುತ್ತಿತ್ತು. ಅಂದಿನಿಂದ ಅಕ್ಕನ ಸಂಜೆಗಳೆಲ್ಲ ಅಲ್ಲೇ. ಒಮ್ಮೆ ನಾನೂ ಹೋಗಿ ಗುಂಡಿಗೆ ಕೈ ಹಚ್ಚಿದಾಗ ದೊಡ್ಡಪ್ಪನ ಮಗ, "ಏ, ಮುಟ್ಟಬ್ಯಾಡಲೇ! ಕೈಗೆಲ್ಲ ವಾರ್ನಿಶ್ ಐತೆ ನಿಂದು" ಎಂದ. ಅಕ್ಕ ಅಲ್ಲೇ ಕಣ್ಣು ಮುಚ್ಚಿ ಕೂತಿದ್ದಳು. ತೆರೆಯಲಿಲ್ಲ. ನಾನು ಕೈ ಎಳೆದುಕೊಂಡು ಹೊರಗೆ ಬಂದೆ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಡಿಗೆಯ ಬಾಯಿಗೆ ಸ್ಪೀಕರ್ ಕೂರಿಸಿದ್ದನ್ನು ನೋಡಿದ್ದೆ. ಗಡಿಗೆಯ ಖಾಲಿ ಹೊಟ್ಟೆ ಸಣ್ಣ ದನಿಯನ್ನೂ ದಪ್ಪ ಮಾಡಿ ಕಳಿಸುತ್ತಿತ್ತು. ನಮ್ಮ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಸ್ಪೀಕರನ್ನು ಸಾಹುಕಾರರಲ್ಲಿ ಕೇಳಿ ತಂದೆ. ಅದರ ಹರಿದ ಕಾಗದದ ಪರದೆಗೆ ಗೋಂದು ಹಚ್ಚಿ ಒಣಗಿಸಿದೆ. ಒಂದು ಭಾನುವಾರ ರೇಡಿಯೋದಿಂದ ಅದಕ್ಕೆ ತಂತಿ ಎಳೆದು, ಅವ್ವನ ನೀರಿನ ಗಡಿಗೆ ಖಾಲಿ ಮಾಡಿ, ಅದರ ಬಾಯಿಗೆ ಕೂರಿಸಿದೆ.

"ಕುಡಿಯಾಕೆ ಇಟ್ಟಿದ್ದನ್ನ ಹಾಡಾಕೆ ಇಟ್ಟೀಯಲ್ಲೋ! ಬಂದೋರು ನೀರು ಕೇಳಿದ್ರೆ ಹಾಡು ಕುಡಿಸ್ಲಾ?" ಎಂದು ಅವ್ವ ಬೈದಳು.

ಸಂಜೆ ರೇಡಿಯೋ ಹಾಕಿದೆ. ಮೃದಂಗದ ಪೆಟ್ಟು ನೆಲದ ಮೇಲೇ ಓಡಿ ಬಂದು ಅಂಗಾಲಿಗೆ ತಾಗಿತು. ಎದುರುಮನೆಗೆ ಹೊರಟಿದ್ದ ಅಕ್ಕ ಹೊಸ್ತಿಲಲ್ಲೇ ನಿಂತಳು. ತಿರುಗಿ ಬಂದು ಕೂತಳು. ಗಡಿಗೆಗೆ ಅಂಗೈ ಒತ್ತಿ, "ತಮ್ಮಾ, ಇದರ ಹೊಟ್ಟೆ ನಡುಗ್ತೈತಲ್ಲೋ!" ಎಂದಳು. ಕಣ್ಣು ಮುಚ್ಚಿದಳು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ದೊಡ್ಡಪ್ಪನ ಮಗ ಬಾಗಿಲಿಗೆ ಬಂದ. ಸ್ವಲ್ಪ ಕೇಳಿ, "ಬಾವ್ಯಾಗೆ ಕಪ್ಪೆ ಕೂಗಿದಂಗೈತೆ. ಬಾರಕ್ಕಾ, ಹೊಸ ಕ್ಯಾಸೆಟ್ ಬಂದೈತೆ" ಎಂದ. ಅಕ್ಕ ನಕ್ಕಳು. ಅವಳು ನಕ್ಕಿದ್ದನ್ನೇ ನನಗೆ ತಡೆಯಲಾಗಲಿಲ್ಲ. "ಒಂದೇ ಹಾಡು, ಕೇಳಿ ಬರ್ತೀನಿ" ಎಂದು ಎದ್ದು ಹೋದವಳು ದೀಪ ಹಚ್ಚಿದರೂ ಬರಲಿಲ್ಲ. ಸಿಟ್ಟಿನಿಂದ ರೇಡಿಯೋ ಆರಿಸಿದೆ.

"ಯಾಕೋ ಆರಿಸ್ದೆ? ನಾನು ಕೇಳ್ತಿದ್ನಲ್ಲ" ಎಂದಳು ಅವ್ವ, ಒಲೆಯ ಮುಂದಿನಿಂದ. ನನಗೆ ಬೇಕಾಗಿದ್ದ ಕಿವಿ ಅದಲ್ಲ.

ಆ ಹೊಟ್ಟೆಕಿಚ್ಚೇ ನನ್ನನ್ನು ದುಡಿಸಿತು. ಮುಂದೆ ಹೊನ್ನಾಳಿಯಲ್ಲಿ ಸ್ವಂತ ವೈಂಡಿಂಗ್ ಅಂಗಡಿ ಹಾಕಿದೆ. ಯಾರ ಮುಂದೆಯೂ ಕೈಯೊಡ್ಡದೆ ಹಾಡು ಕೇಳುವ ಒಂದೊಂದೇ ಸಾಮಾನು ಕೊಂಡೆ. ದಾವಣಗೆರೆಗೆ ಸ್ಪೀಕರ್ ಕೊಳ್ಳಲು ಹೋದಾಗ ಅಂಗಡಿಯವರು ಯಾವುದು ಎಷ್ಟು ವಾಟಿನದೆಂದು ಲೆಕ್ಕ ಹೇಳತೊಡಗಿದರು. "ಅದಿರ್ಲಿ ರೀ, ಬರೀ ಮೃದಂಗ ಹಾಕ್ರಿ" ಎಂದು ಚಪ್ಪಲಿ ಬಿಟ್ಟು ನಿಂತೆ. ಅಂಗಾಲಿಗೆ ತಾಗಿದ ಜೋಡಿಯನ್ನೇ ತಂದೆ. ಜಗಳೂರಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಬಂದು ಕೇಳಿದಳು. "ಚಲೋ ಐತೆ ಕಣೋ. ಆದ್ರೂ ದೊಡ್ಡಪ್ಪನ ಮನೇದು..." ಎಂದು ನಕ್ಕಳು. ತಲೆಗೂದಲು ನೆರೆತ ಮೇಲೂ ನನಗೆ ಉರಿದೇ ಹೋಯಿತು.

ಮಕ್ಕಳೇ, ನಿಮಗೆ ಕಿವಿಯೊಳಗೇ ಕಡಲೆಕಾಳಿನಷ್ಟು ಸ್ಪೀಕರ್ ಇದೆ. ಎದುರುಮನೆಗೆ ಏನು ಬಂತೆಂದು ನಿಮಗೆ ತಿಳಿಯುವುದೂ ಇಲ್ಲ, ಹೊಟ್ಟೆ ಉರಿಯುವುದೂ ಇಲ್ಲ. ನನ್ನ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿ ತಲೆ ಆಡಿಸುತ್ತೀರಿ. ಅದು ಯಾವ ಹಾಡೋ ನನಗೆ ಕೇಳಿಸದು. ಆ ಕಡಲೆಕಾಳಿನ ಮೇಲೂ ನನಗೆ ಹೊಟ್ಟೆಕಿಚ್ಚೇ. ನನ್ನ ಹತ್ತಿರ ಈಗ ಇರುವುದು ಎರಡು ಸ್ಪೀಕರ್, ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ನಲವತ್ತು ರೆಕಾರ್ಡು, ನಾಲ್ಕು ಕುರ್ಚಿ; ಕೂತು ಕೇಳುವವನು ನಾನೊಬ್ಬನೇ.