ಅಕ್ಕನ ಕಲ್ಲು

ನಾನು ಚಿಕ್ಕವನಿದ್ದಾಗ ನನ್ನಷ್ಟು ಹೊಟ್ಟೆಕಿಚ್ಚಿನ ಹುಡುಗ ಇಡೀ ಮಲೇಷಿಯಾದಲ್ಲಿ ಇನ್ನೊಬ್ಬ ಇದ್ದಿರಲಾರ. ಸುಳ್ಳಲ್ಲ ಮಕ್ಕಳೇ, ಬೇಕಾದರೆ ನನ್ನ ಅಕ್ಕನನ್ನೇ ಕೇಳಿ. ಆ ಕಿಚ್ಚೆಲ್ಲ ಇದ್ದದ್ದು ಅವಳ ಮೇಲೆ.

ಅಪ್ಪ ನಿಲಾಯ್ ಹತ್ತಿರದ ರಬ್ಬರ್ ತೋಟದ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ಅಮ್ಮನನ್ನೂ ಅಕ್ಕನನ್ನೂ ಜೊತೆಗೆ ಕರೆತಂದರು. ನನಗಾಗ ನಾಲ್ಕು ವರ್ಷ, ಮೇಲಿಂದ ಮೇಲೆ ಜ್ವರ. "ಇವ ಸ್ವಲ್ಪ ಗಟ್ಟಿಯಾಗ್ಲಿ, ಮತ್ತೆ ಕಳಿಸ್ತೇನೆ" ಎಂದು ಅಜ್ಜಿ ನನ್ನನ್ನು ಉಡುಪಿಯಲ್ಲೇ ಇಟ್ಟುಕೊಂಡಳು. ಗಟ್ಟಿಯಾಗಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಕೊನೆಗೆ ಇಲ್ಲಿಗೆ ಬಂದ ಮೊದಲ ಸಂಜೆಯೇ ನೋಡಿದೆ, ಅಕ್ಕ ಅಪ್ಪನ ಕುರ್ಚಿಯ ಕೈಮೇಲೆ ಕೂತು ಅವರ ಕನ್ನಡಕ ಒರೆಸುತ್ತಿದ್ದಳು. ನಾನು ಅಪ್ಪನಿಗೆ 'ನೀವು' ಅನ್ನುತ್ತಿದ್ದೆ. ಅವಳು 'ನೀನು' ಅನ್ನುತ್ತಿದ್ದಳು. ಹೊಟ್ಟೆ ಉರಿಯಲು ಇಷ್ಟು ಸಾಲದೇ?

ನಾನು ಬಂದು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಮೆಲಾಕಾ ನೋಡಲು ಹೊರಟೆವು. ಕಾರಿನ ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕದಲ್ಲಿ, ಅಕ್ಕ. ಅದು ಅವಳ ಜಾಗವಂತೆ. ಹಿಂದಿನ ಸೀಟಿನಲ್ಲಿ ಅಮ್ಮ, ನಾನು ಮತ್ತು ಬನ್ಸ್ ತುಂಬಿದ ಸ್ಟೀಲ್ ಡಬ್ಬಿ. ಕಿಟಕಿಯ ಹೊರಗೆ ರಬ್ಬರ್ ಮರಗಳು ಸಾಲು ಸಾಲಾಗಿ ಓಡುತ್ತಿದ್ದವು, ರಬ್ಬರ್ ಹಾಲಿನ ಹುಳಿ ವಾಸನೆ ಒಳಗೆ ನುಗ್ಗುತ್ತಿತ್ತು. ಮುಂದೆ ಅಪ್ಪನೂ ಮಗಳೂ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಸಿಟ್ಟಿನಲ್ಲಿ ಐದು ಬನ್ಸ್ ತಿಂದೆ.

"ಎಂತ ಮಾರಾಯ, ಮಧ್ಯಾಹ್ನಕ್ಕೂ ಸ್ವಲ್ಪ ಇರ್ಲಿ" ಎಂದು ಅಮ್ಮ ಡಬ್ಬಿ ಮುಚ್ಚಿದಳು.

ಆಗ ಮೆಲಾಕಾ ಚಿಕ್ಕ ಊರು. ಕುಂಕುಮ ಬಳಿದಂಥ ಕೆಂಪು ಕಟ್ಟಡಗಳು, ಚೀನೀ ಗುಡಿಯಿಂದ ಬರುವ ಊದಿನಕಡ್ಡಿಯ ಹೊಗೆ, ಹೊಳೆಯ ಕಡೆಯಿಂದ ಒಣಮೀನಿನ ಗಾಳಿ. ಬೀದಿ ಬದಿಯ ಗಾಡಿಯಲ್ಲಿ ಚೆಂಡೋಲ್ ಕೊಂಡೆವು. ತುರಿದ ಐಸಿನ ಮೇಲೆ ತೆಂಗಿನ ಹಾಲು, ಬೆಲ್ಲದ ಪಾಕ, ಹಸಿರು ಶಾವಿಗೆ. ಅಕ್ಕ ಗಾಡಿಯವನ ಹತ್ತಿರ ಮಲಯ್ ಭಾಷೆಯಲ್ಲಿ ಪಟಪಟ ಮಾತಾಡಿದಳು. ಅಪ್ಪ ಹೆಮ್ಮೆಯಿಂದ ಅವಳ ತಲೆ ಸವರಿದರು. ನನಗೆ ಚೆಂಡೋಲ್ ಗಂಟಲಲ್ಲಿ ಇಳಿಯಲಿಲ್ಲ. ಇಳಿಯದಿದ್ದರೂ ಲೋಟ ಖಾಲಿ ಮಾಡಿದೆ, ಅದು ಬೇರೆ ಮಾತು.

ಆಮೇಲೆ ಗುಡ್ಡ ಹತ್ತಿದೆವು. ಮೇಲೆ ಛಾವಣಿಯಿಲ್ಲದ ಒಂದು ಹಳೆಯ ಇಗರ್ಜಿ. ಅದರ ಗೋಡೆಗಳಿಗೆ ಆಳೆತ್ತರದ ಕಲ್ಲುಗಳನ್ನು ಒರಗಿಸಿ ನಿಲ್ಲಿಸಿದ್ದರು, ಮೈತುಂಬ ಅಕ್ಷರ ಕೆತ್ತಿದ ಹಳೆಯ ಗೋರಿಕಲ್ಲುಗಳು. ಅಕ್ಕ ಓಡಿಹೋಗಿ ಒಂದು ಕಲ್ಲಿಗೆ ಬೆನ್ನು ಕೊಟ್ಟು ನಿಂತಳು. ವರ್ಷಕ್ಕೊಮ್ಮೆ ಇಲ್ಲಿಗೆ ಬರುವುದು, ಅದೇ ಕಲ್ಲಿನ ಎಷ್ಟನೇ ಸಾಲಿಗೆ ಅವಳ ತಲೆ ಮುಟ್ಟಿತೆಂದು ನೋಡುವುದು, ಇದು ಅವರಿಬ್ಬರ ಪದ್ಧತಿಯಂತೆ. ಅಪ್ಪ ಅವಳ ನೆತ್ತಿಯ ಮೇಲೆ ಅಂಗೈ ಇಟ್ಟು, "ಹೋದ ಸಲಕ್ಕಿಂತ ಒಂದು ಸಾಲು ಮೇಲೆ" ಎಂದರು.

ಹೋದ ಸಲ! ನನಗೆ ಹೋದ ಸಲ ಎಂಬುದೇ ಇರಲಿಲ್ಲ. ಅಪ್ಪ ನನ್ನನ್ನೂ ನಿಲ್ಲಿಸಬಹುದಿತ್ತು, ಆದರೆ ಯಾವುದಕ್ಕೆ ಹೋಲಿಸುತ್ತಿದ್ದರು? ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು.

"ಅಕ್ಕ ತುದಿಗಾಲಲ್ಲಿ ನಿಂತಿದ್ದಾಳೆ" ಎಂದೆ. ಹಸಿ ಸುಳ್ಳು.

ಅಪ್ಪ ಬಗ್ಗಿ ಅವಳ ಪಾದ ನೋಡಿದರು. ಅಷ್ಟೇ, ಅಕ್ಕನ ಮುಖ ಕೆಂಪಾಯಿತು.

"ಇಲ್ಲ ಲಾ, ಸುಳ್ಳು ಹೇಳ್ತಾನೆ" ಎಂದು ಇಲ್ಲಿಯವರ 'ಲಾ' ಸೇರಿಸಿ ಕೂಗಿ ನನ್ನತ್ತ ತಿರುಗಿದಳು. " ನಿನ್ನ ಅಳತೆ ಅಪ್ಪನ ಹತ್ರ ಇಲ್ಲ ಅಂತ ನಿಂಗೆ ಹೊಟ್ಟೆಕಿಚ್ಚಾ? ಅಳತೆ ಉಂಟು. ಪ್ರತಿ ಲೆಟರ್ ಜೊತೆ ಅಜ್ಜಿ ದಾರ ಕಳಿಸ್ತಿದ್ರು, ನಿನ್ನಷ್ಟೇ ಉದ್ದದ್ದು. ಲೆಟರ್ ಬಂದ ದಿನ ಅಪ್ಪ ಅದನ್ನ ಗೋಡೆಗೆ ಹಿಡಿದು ನೋಡ್ತಾ ಇದ್ರೆ, ನಾನು ಕರೆದ್ರೂ ಕೇಳಿಸ್ತಿರ್ಲಿಲ್ಲ. ನಾನು ಇಲ್ಲೇ ಇದ್ದೆ. ಅಪ್ಪನಿಗೆ ದಾರ ಸಾಕಿತ್ತು."

ಅವಳು ಅಳುತ್ತಿದ್ದಳು. ಅಜ್ಜಿ ನನ್ನನ್ನು ಕಂಬಕ್ಕೆ ಒರಗಿಸಿ ದಾರ ಹಿಡಿದು ಕತ್ತರಿಸುತ್ತಿದ್ದದ್ದು ನಿಜ. ಅದು ದರ್ಜಿಗೆ ಎಂದುಕೊಂಡಿದ್ದೆ. ಇಷ್ಟು ಸಲ ಅಳತೆ ಕೊಟ್ಟರೂ ಒಂದೇ ಒಂದು ಹೊಸ ಅಂಗಿ ಬರಲಿಲ್ಲವಲ್ಲ ಎಂದು ಅಜ್ಜಿಯ ಮೇಲೆ ಸಿಟ್ಟು ಬೇರೆ ಮಾಡಿಕೊಂಡಿದ್ದೆ.

ಅಪ್ಪ ಪರ್ಸಿನ ಒಳಗಿನಿಂದ ಸುತ್ತಿಟ್ಟ ಕೆಂಪು ದಾರವೊಂದನ್ನು ತೆಗೆದರು. ಅಜ್ಜಿ ಕೊನೆಗೆ ಕಳಿಸಿದ್ದ ದಾರ ಅದು. ಒಂದು ತುದಿಯನ್ನು ನೆಲಕ್ಕೆ ತಾಗಿಸಿ ಅಕ್ಕನ ಕಲ್ಲಿನ ಮೇಲೆ ನೇರ ಹಿಡಿದರು, ಮೇಲಿನ ತುದಿಗೆ ಬೆರಳಿಟ್ಟರು. "ಬಾ ಮಗಾ, ನಿಲ್ಲು."

ನಿಂತೆ. ಬೆನ್ನಿಗೆ ಬಿಸಿಲು ಕುಡಿದ ಕಲ್ಲು, ನೆತ್ತಿಗೆ ಅಪ್ಪನ ಅಂಗೈ. "ಹೋದ ಸಲಕ್ಕಿಂತ ಎರಡು ಬೆರಳು ಮೇಲೆ" ಎಂದರು.

ನಾನು ಓರೆಗಣ್ಣಿನಲ್ಲಿ ಅಕ್ಕನನ್ನು ನೋಡಿದೆ. ಅವಳು ತುಟಿ ಕಚ್ಚಿಕೊಂಡು ಆ ದಾರವನ್ನೇ ದುರುಗುಟ್ಟಿ ನೋಡುತ್ತಿದ್ದಳು. ಪಾಪ ಅನಿಸಬೇಕಿತ್ತು. ಅನಿಸಲಿಲ್ಲ, ಖುಷಿಯಾಯಿತು. ಕೆಳಗಿಳಿಯುವಾಗ ಅಪ್ಪ ಇಬ್ಬರ ಕೈಯನ್ನೂ ಹಿಡಿದುಕೊಂಡರು. ಅರ್ಧದಷ್ಟು ಮೆಟ್ಟಿಲು ಇಳಿದ ಮೇಲೆ, "ಅಕ್ಕ ತುದಿಗಾಲಲ್ಲಿ ನಿಂತಿರಲಿಲ್ಲ" ಎಂದು ಒಪ್ಪಿಕೊಂಡೆ. "ಗೊತ್ತುಂಟು" ಎಂದರು ಅಪ್ಪ. ಮನೆಗೆ ಮರಳುವಾಗ ಮುಂದಿನ ಸೀಟಿನಲ್ಲಿ ಅಮ್ಮ ಕೂತಳು. ನಾವಿಬ್ಬರೂ ಹಿಂದೆ, ಒಬ್ಬರ ಮುಖ ಒಬ್ಬರು ನೋಡದೆ.

ಈಗ ಬಾಂಗ್ಸಾರಿನ ಈ ಮನೆಯಲ್ಲಿ ಸಂಜೆಯಾದರೆ ಸಿಂಗಾಪುರದಿಂದ ನಿಮ್ಮ ಪಪ್ಪನ ವಿಡಿಯೋ ಕಾಲ್ ಬರುತ್ತದೆ. ಅವನ ಮುಖ ಕಾಣುತ್ತದೆ, ನಗುವುದು ಕಾಣುತ್ತದೆ, ಊಟಕ್ಕೆ ಹೋಟೆಲಿನಿಂದ ಏನು ತಪಾವ್ ಮಾಡಿ, ಅಂದರೆ ಕಟ್ಟಿಸಿಕೊಂಡು, ತಂದಿದ್ದಾನೆ ಎಂಬುದೂ ಕಾಣುತ್ತದೆ. ಆದರೂ ನೀವಿಬ್ಬರೂ ಫೋನು ಕಿತ್ತಾಡುತ್ತೀರಿ. "ನಾಟ್ ಫೇರ್ ಲಾ, ಅವಳಿಗೆ ಎರಡು ನಿಮಿಷ ಜಾಸ್ತಿ" ಎಂದು ಒಬ್ಬ ಕೂಗುತ್ತಾನೆ. ನಿಮ್ಮಮ್ಮ ಇಬ್ಬರಿಗೂ ಬೈಯುತ್ತಾಳೆ. ಅಜ್ಜ ಯಾಕೆ ಯಾವತ್ತೂ ಬೈಯುವುದಿಲ್ಲ ಎಂದು ನೀವು ಕೇಳಿದಿರಲ್ಲ, ಅದಕ್ಕೇ ಇಷ್ಟೆಲ್ಲ ಹೇಳಿದೆ. ನಿಮ್ಮದು ಎರಡು ನಿಮಿಷದ ಜಗಳ. ಅಕ್ಕನಿಗೆ ಅಪ್ಪ ನನಗಿಂತ ನಾಲ್ಕು ವರ್ಷ ಹೆಚ್ಚು ಸಿಕ್ಕಿದರು. ಅಪ್ಪ ತೀರಿಹೋಗಿ ಎಷ್ಟೋ ಕಾಲವಾಯಿತು, ನನ್ನ ತಲೆ ನರೆಯಿತು. ಆ ನಾಲ್ಕು ವರ್ಷಕ್ಕೆ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ.