ಹೂಂ ಅನ್ನುವವರು

ಮುಖ ತೋರಿಸದೆ ಪಾಠ ಮಾಡಬಹುದು ಎಂದು ತಿಳಿದಾಗ ನನಗೆ ಸಮಾಧಾನವೇ ಆಗಿತ್ತು. ಎಂ.ಎಸ್ಸಿ. ಮುಗಿಸಿ ಟಿ.ಬಿ. ಡ್ಯಾಂನ ನಮ್ಮ ಕ್ವಾರ್ಟರ್ಸಿಗೆ ಮರಳಿ ಬಂದಿದ್ದೆ. ಅಪ್ಪ ಕಾಲುವೆ ಕಚೇರಿಯಲ್ಲಿದ್ದರು. ನನಗೆ ಕೆಲಸ ಬೇಕಿತ್ತು, ಆದರೆ ತುಂಬಿದ ತರಗತಿಯ ಎದುರು ನಿಲ್ಲುವುದೆಂದರೆ ಒಳಗೊಳಗೇ ಹಿಂಜರಿಕೆ. ಹೊಸಪೇಟೆಯ ದೂರಶಿಕ್ಷಣದ ಅಧ್ಯಯನ ಕೇಂದ್ರದವರು ಪದವಿ ತರಗತಿಗೆ ಸಂಖ್ಯಾಶಾಸ್ತ್ರ ಹೇಳಲು ಕರೆದರು. ವಿದ್ಯಾರ್ಥಿಗಳು ಇರುವುದು ಸಂಡೂರು ಮತ್ತು ಕಂಪ್ಲಿಯಲ್ಲಿ, ನಾನು ಇರುವುದು ಹೊಸಪೇಟೆಯಲ್ಲಿ, ಪಾಠ ಇಂಟರ್ನೆಟ್ ಮೂಲಕ. ನಮ್ಮ ಊರಿನಲ್ಲಿ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಇದು ಸಾಧ್ಯವೇ ಎಂಬ ಕುತೂಹಲ ನನ್ನ ಹಿಂಜರಿಕೆಗಿಂತ ದೊಡ್ಡದಾಯಿತು.

ಕೇಂದ್ರದ ಸಂಯೋಜಕರು ನಿವೃತ್ತ ಮೇಷ್ಟ್ರು. ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು. "ನೋಡಮ್ಮ, ಇದೊಂದು ಅವಧಿ ನೋಡೂನು. ನಡುವಿನ ಕಿರುಪರೀಕ್ಷೆಯೊಳಗ ಹುಡುಗ್ರು ನೆಟ್ಟಗ ಬರದ್ರ ನಡೀಲಿ. ಇಲ್ಲಾಂದ್ರ ಎಲ್ಲಾರೂ ಭಾನುವಾರ ಇಲ್ಲಿಗೇ ಬಂದು ಕುಂದ್ರಲಿ."

ಹೆಚ್ಚಿನವರಿಗೆ ಅದು ಒಂದು ಬಸ್ಸಿನ ಮಾತು. ಕಂಪ್ಲಿಯ ಒಬ್ಬಳಿಗೆ ಮಾತ್ರ ಹಾಗಿರಲಿಲ್ಲ. ಅಕ್ಕಿ ಗಿರಣಿಯವರ ಮನೆಯ ಸೊಸೆ ಅವಳು. ಮದುವೆಯಿಂದ ನಿಂತಿದ್ದ ಪದವಿಯನ್ನು ಮತ್ತೆ ಹಿಡಿದಿದ್ದಳು. ಕಂಪ್ಲಿಯ ಕಂಪ್ಯೂಟರ್ ಕೇಂದ್ರ ಅವರ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲೇ ಇದ್ದುದರಿಂದ ಮನೆಯವರು ಒಪ್ಪಿದ್ದರು, ಅದೂ ಅತ್ತೆ ಜೊತೆಗೆ ಬರುವುದಾದರೆ. ಹೆಸರು ನೋಂದಾಯಿಸುವಾಗ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಮೇಡಂ, ಹೊಸಪೇಟಿಗೆ ಬರ್ರಿ ಅಂದ್ರ ನನ್ನ ಓದು ಅಲ್ಲಿಗೇ ಮುಗೀತ್ರಿ."

ಪಾಠ ಬೆಳಿಗ್ಗೆ ಏಳಕ್ಕೆ. ಸಂಡೂರಿನ ಕೇಂದ್ರ ರಸ್ತೆಗೆ ತಾಗಿಕೊಂಡಿತ್ತು. ಅದಿರಿನ ಲಾರಿಗಳ ಸಾಲು ದಟ್ಟವಾದ ಮೇಲೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಒಂದೊಂದು ಕೇಂದ್ರದಲ್ಲಿ ಒಂದು ಕಂಪ್ಯೂಟರು, ಒಂದು ಜೊತೆ ಸ್ಪೀಕರು, ಒಂದು ಮೈಕು. ಎಲ್ಲರೂ ಅದರ ಸುತ್ತ ಕೂತು ಕೇಳಬೇಕು. ಮಾತಾಡುವವರು ಪರದೆಯ ಮೇಲಿನ ಗುಂಡಿಯನ್ನು ಮೌಸಿನಿಂದ ಒತ್ತಿ ಹಿಡಿಯಬೇಕು. ಕೊನೆಗೆ ಯಾರು ಒತ್ತಿದರೋ ಲೈನು ಅವರದು. ಅಲ್ಲಿಯವರೆಗೆ ಮಾತಾಡುತ್ತಿದ್ದವರ ದನಿ ಆ ಕ್ಷಣಕ್ಕೆ ನಿಂತುಹೋಗುತ್ತಿತ್ತು.

ಮೊದಲ ವಾರದಿಂದಲೇ ನನ್ನ ಮಾತು ತುಂಡಾಗತೊಡಗಿತು. ಒಂದು ವಾಕ್ಯ ಮುಗಿಯುತ್ತಲೇ ಪರದೆಯ ಮೇಲೆ ನನ್ನ ಹೆಸರು ಆರಿ 'ಕಂಪ್ಲಿ' ಎಂದು ಬೆಳಗುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ನಾನು ಮತ್ತೆ ಒತ್ತಿ ಮುಂದುವರಿಸುತ್ತಿದ್ದೆ. ಇನ್ನೊಂದು ವಾಕ್ಯ, ಮತ್ತೆ ಕಂಪ್ಲಿ.

ಸಂಡೂರಿನಿಂದ ದೂರು ಹೇಳುತ್ತಿದ್ದವನು ಲಾರಿ ತೂಕದ ಕಾಟಾದಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ತರಗತಿಗೆ ಬರುತ್ತಿದ್ದ ಗುಮಾಸ್ತ. ಅವನ ದನಿ ದೊಡ್ಡದು, ನಾಲಿಗೆ ಅದಕ್ಕಿಂತ ದೊಡ್ಡದು. "ಮೇಡಂ, ನಿಮ್ಮ ಪಾಠ ನಮಗ ಚಿತ್ರಾನ್ನ ಬಂದಂಗ ಬರಾಕತ್ತೈತ್ರಿ. ಒಂದು ಶೇಂಗಾ ಸಿಗತೈತಿ, ಮುಂದ ಎಲ್ಲೋ ಒಂದು ಮೆಣಸಿನಕಾಯಿ."

ತಂತಿಯ ದೋಷವಿರಬಹುದು ಎಂದುಕೊಂಡೆ. ದೂರವಾಣಿ ಇಲಾಖೆಯವರು ಬಂದು ಎರಡೂ ಕಡೆ ನೋಡಿ ಎಲ್ಲ ಸರಿಯಿದೆ ಎಂದರು. ಸರಿಯಿದ್ದರೆ ನನ್ನ ಪ್ರತಿ ವಾಕ್ಯದ ಕೊನೆಗೇ ಯಾಕೆ ಲೈನು ಕಡಿಯಬೇಕು? ನಡುವೆ ಯಾಕಲ್ಲ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ದಿನ ಬರೆದ ಪಾಠವನ್ನು ಸಂಯೋಜಕರ ಕೈಗೆ ಕೊಟ್ಟು, ನನ್ನ ಬದಲು ಓದಿ ಎಂದು ಕೇಳಿಕೊಂಡು, ಮೊದಲ ಬಸ್ಸಿಗೆ ಕಂಪ್ಲಿಗೆ ಹೋದೆ.

ಗೊಬ್ಬರದ ಚೀಲಗಳ ಪಕ್ಕದ ಮೆಟ್ಟಿಲು ಹತ್ತಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಕಂಪ್ಯೂಟರಿನ ಮುಂದೆ ಸೊಸೆ, ಕೈಯಲ್ಲಿ ಮೌಸು. ಅವಳ ಸುತ್ತ ನಾಲ್ಕಾರು ಹುಡುಗ ಹುಡುಗಿಯರು. ಹಿಂದಿನ ಗೋಡೆಗೆ ಒರಗಿ, ಹಣೆಯಲ್ಲಿ ಮೂರು ಗೆರೆ ವಿಭೂತಿ, ಮಡಿಲಲ್ಲಿ ಎಲೆಅಡಿಕೆಯ ಚೀಲ ಇಟ್ಟುಕೊಂಡ ಅತ್ತೆ. ಸ್ಪೀಕರಿನಲ್ಲಿ ಸಂಯೋಜಕರ ದನಿ ಬಂತು: "ಸರಾಸರಿ ಎಂದರೆ ಎಲ್ಲ ಬೆಲೆಗಳ ಮೊತ್ತವನ್ನು ಅವುಗಳ ಸಂಖ್ಯೆಯಿಂದ ಭಾಗಿಸುವುದು."

"ಹೂಂ," ಎಂದರು ಅತ್ತೆ, ಗಂಭೀರವಾಗಿ.

ಸೊಸೆಯ ಬೆರಳು ಗುಂಡಿ ಒತ್ತಿತು. ಸಂಯೋಜಕರ ದನಿ ಕಡಿಯಿತು.

ಮತ್ತೆ ಅವರು ಶುರು ಮಾಡಿದರು. ವಾಕ್ಯ ಮುಗಿಯಿತು. "ಹೂಂ." ಬೆರಳು ಒತ್ತಿತು. ಹಿಂದಿನ ಗೋಡೆಯಿಂದ ಹೊರಟ ಹೂಂಕಾರ ಮೈಕಿನವರೆಗೆ ಬರುತ್ತಲೂ ಇರಲಿಲ್ಲ. ಆದರೆ ಹಿರಿಯರು ಹೂಂ ಎಂದದ್ದು ಹೇಳುವವರಿಗೆ ಮುಟ್ಟಬೇಡವೇ? ಸೊಸೆ ತಪ್ಪದೆ ಮುಟ್ಟಿಸುತ್ತಿದ್ದಳು.

ನನಗೆ ನಗು ಬಂತು, ತಡೆದುಕೊಂಡೆ. ಪಾಠ ಮುಗಿದ ಮೇಲೆ ಗುಂಡಿಯ ವಿಷಯವನ್ನು ವಿವರಿಸಿ, ಇನ್ನು ಮುಂದೆ ಪಾಠ ನಡೆಯುವಾಗ ಯಾರೂ ಏನೂ ಅನ್ನುವುದು ಬೇಡ, ಕೊನೆಯಲ್ಲಿ ಪ್ರಶ್ನೆ ಕೇಳಿ ಎಂದು ಹೇಳಿದೆ. ಸೊಸೆ ತಲೆಯಾಡಿಸಿದಳು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಆತ್ರಿ," ಎಂದರು. ಮಜ್ಜಿಗೆ ಕೊಟ್ಟು ಕಳಿಸಿದರು.

ಮುಂದಿನ ಪಾಠ ಒಂದು ಕಡೆಯೂ ತುಂಡಾಗದೆ ಸಾಗಿತು. ಕೊನೆಯಲ್ಲಿ ಪ್ರಶ್ನೆಗಳಿವೆಯೇ ಎಂದೆ. ಯಾರಿಗೂ ಇರಲಿಲ್ಲ. ಅದರ ಮುಂದಿನದೂ ಹಾಗೆಯೇ. ಮೂರನೆಯದರಲ್ಲಿ ಪೂರ್ತಿ ಪಾಠ ಹೇಳಿ, ಹಾಜರಿ ಕರೆದಾಗ ಸಂಡೂರಿನಿಂದ ಉತ್ತರವೇ ಬರಲಿಲ್ಲ. ಫೋನ್ ಮಾಡಿದರೆ ಗುಮಾಸ್ತ ಎತ್ತಿದ. "ಕರೆಂಟ್ ಹೋಗಿ ಅರ್ಧ ತಾಸಾತ್ರಿ ಮೇಡಂ. ನಾವು ಚಾ ಕುಡ್ಯಾಕ ಬಂದೀವಿ. ನೀವು ಇನ್ನಾ ಹೇಳಾಕತ್ತೀರೇನು?"

ಅರ್ಧ ತಾಸು ಸಂಡೂರಿನ ಗೋಡೆಗೆ ಪಾಠ ಮಾಡಿದ್ದೆ. ಹಾಗಾದರೆ ಉಳಿದ ಎರಡು ದಿನ ಎದುರಿದ್ದದ್ದು ಗೋಡೆಯೋ ಜನರೋ? ತಿಳಿಯುವ ದಾರಿ ನನಗಿರಲಿಲ್ಲ.

ಅದಕ್ಕಿಂತ ಗಟ್ಟಿಯಾದ ಸುದ್ದಿ ಕಂಪ್ಲಿಯಿಂದ ಬಂತು. ಸೊಸೆ ಎರಡು ಪಾಠಕ್ಕೆ ಗೈರುಹಾಜರಾದಳು. ಕಿರುಪರೀಕ್ಷೆ ಹತ್ತಿರವಾಗುತ್ತಿತ್ತು. ಮಧ್ಯಾಹ್ನ ಅವಳೇ ಫೋನ್ ಮಾಡಿದಳು, ದನಿ ತಗ್ಗಿಸಿ. "ಅತ್ತಿ ಬರೂದಿಲ್ಲ ಅಂತಾರ್ರಿ. ಅವರು ಬರದ ಹೊರತು ನಾ ಹೆಂಗ ಬರ್ಲಿ?"

"ಯಾಕೆ ಬರುವುದಿಲ್ಲವಂತೆ?"

"ಹೂಂ ಅನ್ನಬಾರದು ಅಂದ ಮ್ಯಾಲ ಅಲ್ಲಿ ನಾನೇನು ಕಂಬ ಅದೀನೇನು, ಅಂತಾರ್ರಿ."

ಅವರ ಕೈಗೆ ಫೋನ್ ಕೊಡು ಎಂದೆ. ಏನು ಹೇಳಬೇಕೆಂದು ತೀರ್ಮಾನಿಸಿರಲಿಲ್ಲ. ಕೇಳಬೇಕೆಂದು ಮಾತ್ರ ಅನ್ನಿಸಿತ್ತು.

"ಅಮ್ಮಾ, ಹೂಂ ಅನ್ನದಿದ್ದರೆ ಏನಾಗುತ್ತದೆ?" ಎಂದು ಕೇಳಿದೆ.

"ಏನಾಗತೈತಿ ಅಂದ್ರ? ನಮ್ಮ ಮಠದಾಗ ಶ್ರಾವಣದಾಗ ಪುರಾಣ ಹೇಳಸ್ತಾರ. ಹೇಳೋರ ಮುಂದ ಒಬ್ಬರು ಕುಂತು ಹೂಂ ಅನಬೇಕು. ನಮ್ಮವ್ವ ಅಂತಿದ್ಲು, ಈಗ ನಾ ಅಂತೀನಿ. ಹೂಂ ಅನ್ನೋರು ಇಲ್ಲಂದ್ರ ಹೇಳೋರ ಬಾಯಿ ಒಣಗತೈತಿ. ತಾವು ಎಲ್ಲಿ ಅದೀವಿ ಅನ್ನೂದು ಅವರಿಗೇ ತಿಳಿಯಂಗಿಲ್ಲ. ಒಂದ್ಸಲ ಏನಾತು ಅಂದ್ರ, ನನಗ ಜ್ವರ ಬಂದು ನಾ ಹೋಗಲಿಲ್ಲ. ಅವತ್ತು..."

ನಾನು ಕೇಳುತ್ತಿದ್ದೆ. ನಾನು ಕೇಳುವುದು ಹೀಗೆಯೇ, ಸದ್ದಿಲ್ಲದೆ. ಮನೆಯಲ್ಲೂ ಹೀಗೆಯೇ.

"ಅವತ್ತು... ಹಲೋ? ಹಲೋ! ಏ, ಲೈನ್ ಹೋತು ಕಾಣತೈತಿ ನೋಡ," ಎಂದು ಸೊಸೆಗೆ ಹೇಳುವುದು ಕೇಳಿಸಿತು.

"ಇಲ್ಲಮ್ಮ, ಇದ್ದೇನೆ," ಎಂದೆ ಗಡಬಡಿಸಿ.

"ಇದ್ರ ಹೂಂ ಅನಬಾರದೇನವಾ? ಸತ್ತ ಫೋನಿಗೆ ಮಾತಾಡಿದಂಗ ಆತು ನನಗ!"

ಅರ್ಧ ನಿಮಿಷ ಅವರಿಗಾದದ್ದೇ ನನಗೆ ಇಷ್ಟು ದಿನದ ಪಾಠಗಳಲ್ಲಿ ಆಗುತ್ತಿತ್ತು. ಅದನ್ನು ಹಾಗೆಯೇ ಅವರಿಗೆ ಹೇಳಿದೆ. ಅವರು ಜೋರಾಗಿ ನಕ್ಕರು. ಜ್ವರದ ದಿನದ ಕಥೆಯನ್ನು ಪೂರ್ತಿ ಹೇಳಿದರು. ಈ ಸಲ ನಾನು ಹೂಂಗುಟ್ಟಿದೆ. ಎಲ್ಲಿ ಅನ್ನಬೇಕು, ಎಲ್ಲಿ ಸುಮ್ಮನಿರಬೇಕು ಎನ್ನುವುದು ನಾನಂದುಕೊಂಡಷ್ಟು ಸುಲಭವಿರಲಿಲ್ಲ. ಒಂದೆರಡು ಕಡೆ ಬೇಗ ಅಂದುಬಿಟ್ಟೆ.

"ನಾಳೆ ಬನ್ನಿ ಅಮ್ಮ. ನಿಮಗಾಗಿ ನಿಲ್ಲಿಸಿ ಹೇಳುತ್ತೇನೆ. ಆದರೆ ಒಂದು ಮಾತು, ಪುರಾಣದಲ್ಲಿ ಇಲ್ಲದ್ದು. ತಿಳಿಯದಿದ್ದರೆ ಊಹೂಂ ಅನ್ನಬೇಕು."

"ಹೇಳೋರಿಗೆ ಊಹೂಂ ಅಂತಾರೇನವಾ ಯಾರಾದ್ರೂ?"

"ನೀವು ಅನ್ನಬೇಕು."

ಅವರು ಮಾತು ಕೊಡಲಿಲ್ಲ. ನೋಡೂನು ಎಂದರು.

ಆ ಸಂಜೆ ಪಾಠವನ್ನು ಮತ್ತೆ ಬರೆದೆ. ಒಂದು ಉಸಿರಿಗೆ ಹೇಳಬಹುದಾದಷ್ಟು ಚಿಕ್ಕ ಚಿಕ್ಕ ತುಣುಕು ಮಾಡಿದೆ. ಪ್ರತಿ ತುಣುಕಿನ ಕೊನೆಗೆ ನಾನು ಗುಂಡಿ ಬಿಟ್ಟು ಕಾಯಬೇಕು. ಬರೆಯುವಾಗ ಒಂದು ಸಂಗತಿ ಕಂಡಿತು: ಕೆಲವು ತುಣುಕುಗಳ ಕೊನೆಗೆ ಹೂಂ ಅನ್ನಲು ಜಾಗವೇ ಇರಲಿಲ್ಲ. ಅವು ಪುಸ್ತಕದಿಂದ ಬಂದ ವಾಕ್ಯಗಳು, ಯಾರಿಗೂ ಹೇಳಿದವಲ್ಲ. ಅವನ್ನು ಹೊಡೆದುಹಾಕಿದೆ.

ಮರುದಿನ ಹಾಜರಿಯಲ್ಲಿ ಸೊಸೆಯ ದನಿ ಕೇಳಿ ನೆಮ್ಮದಿಯಾಯಿತು. ಅತ್ತೆಯನ್ನು ಮೈಕಿನ ಪಕ್ಕದಲ್ಲೇ ಕೂರಿಸಲು ಹೇಳಿದೆ. ಸರಾಸರಿಯಿಂದಲೇ ಮತ್ತೆ ಆರಂಭಿಸಿದೆ. ಒಂದು ಮನೆಯಲ್ಲಿ ಇಷ್ಟು ಜನ, ಇಷ್ಟು ರೊಟ್ಟಿ, ಭಾಗಿಸಿದರೆ ತಲೆಗೆ ಮೂರು ರೊಟ್ಟಿ. ಗುಂಡಿ ಬಿಟ್ಟೆ. ಕಾದೆ. ಸ್ಪೀಕರಿನಲ್ಲಿ ಬಳೆಯ ಸದ್ದು, ಒಂದು ಕೆಮ್ಮು.

"ಊಹೂಂ."

ನಾನು ಮತ್ತೆ ಗುಂಡಿ ಒತ್ತಿದೆ.

"ಯಾಕಮ್ಮ?"

"ತಲಿಗೆ ಮೂರು ಅಂತೀ. ನಮ್ಮನಿಯಾಗ ಮೂರು ರೊಟ್ಟಿ ತಿನ್ನೋರು ಒಬ್ಬರೂ ಇಲ್ಲ. ಒಬ್ಬ ಆರು ತಿಂತಾನ, ಈಕಿ ಒಂದೂವರಿಗೇ ಕೈ ತೊಳಕೊಂತಾಳ. ಯಾರೂ ತಿನ್ನದ ಮೂರು ಎಲ್ಲಿಂದ ಬಂತು?"

ಸಂಡೂರಿನವನಿಗೆ ತಡೆಯಲಾಗಲಿಲ್ಲ. "ದೊಡ್ಡಮ್ಮಾ, ಆರು ತಿನ್ನೋರು ನಿಮ್ಮ ಮಗ, ನಮ್ಮ ಅಣ್ಣಾರೇನ್ರಿ?"

"ಮತ್ತ್ಯಾರೋ! ನೀ ಎಷ್ಟು ತಿಂತೀಯಪಾ?"

"ನಾ ಲಾರಿ ತೂಕ ಮಾಡೋನ್ರಿ, ನನ್ನ ತೂಕ ಯಾರೂ ಮಾಡಿಲ್ಲ."

ಸೊಸೆ ನಕ್ಕಳು. ಹಾಜರಿ, ಫೋನು ಬಿಟ್ಟರೆ ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಮುಂದಿನ ವಾರಕ್ಕೆಂದು ಇಟ್ಟುಕೊಂಡಿದ್ದ ಪಾಠವನ್ನು ಅಲ್ಲೇ ತೆಗೆದೆ. ಸರಾಸರಿಯಿಂದ ಯಾರು ಎಷ್ಟು ದೂರ ಇದ್ದಾರೆ ಎಂದು ಅಳೆಯುವ ಪಾಠ. ಪುಸ್ತಕದಲ್ಲಿ ಅದಕ್ಕೆ ಮಾನಕ ವಿಚಲನೆ ಎಂಬ ಹೆಸರು. ಅದೇ ಮನೆಯ ರೊಟ್ಟಿಗಳಿಂದಲೇ ಲೆಕ್ಕ ಕಟ್ಟಿದೆವು. ಒಂದು ಕಡೆ ಸಂಡೂರಿನ ಹುಡುಗಿಯೊಬ್ಬಳು ತಾನಾಗಿ ಗುಂಡಿ ಒತ್ತಿ ಊಹೂಂ ಎಂದಳು. ಆಮೇಲೆ ಇನ್ನೊಬ್ಬ. ಹಿರಿಯರೊಬ್ಬರು ಬಾಯಿಬಿಟ್ಟು ಹೇಳಿದ ಮೇಲೆ ತಿಳಿಯಲಿಲ್ಲ ಎನ್ನುವುದರಲ್ಲಿ ಅಗೌರವ ಉಳಿದಿರಲಿಲ್ಲವೆಂದು ಕಾಣುತ್ತದೆ.

ಕೆಲವು ದಿನಗಳಲ್ಲಿ ಗುಮಾಸ್ತನೇ ತಕರಾರು ತೆಗೆದ. "ಯಾವಾಗ್ಲೂ ದೊಡ್ಡಮ್ಮನೇ ಹೂಂ ಅಂದ್ರ ಹೆಂಗ್ರಿ ಮೇಡಂ? ಲಾರಿ ಮ್ಯಾಲಿನ ಹಿಡಿ ಅದಿರು ನೋಡಿ ಇಡೀ ಲಾರಿ ಪಾಸ್ ಮಾಡಿದಂಗ."

"ಹಂಗಂದ್ರ ನಾಳಿಗೆ ನೀನೇ ಅನ್ನು, ಜಾಣ," ಎಂದರು ಅತ್ತೆ.

ಅವನು ತೋಡಿದ ಗುಂಡಿಗೆ ಅವನೇ ಬಿದ್ದ. ಆಗ ನಾವು ಇಡೀ ರಾಶಿಯ ಗುಣವನ್ನು ಹಿಡಿಯಷ್ಟು ಮಾದರಿಯಿಂದ ತಿಳಿಯುವ ಪಾಠದಲ್ಲಿದ್ದೆವು. ಎರಡೂ ಕೇಂದ್ರಗಳಲ್ಲಿ ಲೋಟದಲ್ಲಿ ಹೆಸರಿನ ಚೀಟಿ ಹಾಕಿಟ್ಟು, ದಿನಕ್ಕೊಂದನ್ನು ಎತ್ತಿ ಅವರನ್ನೇ ಹೂಂ ಅನ್ನಲು ಕೂರಿಸಿದೆವು. ಯಾರ ಹೆಸರು ಬರುವುದೋ ತಿಳಿಯದ್ದರಿಂದ ಎಲ್ಲರೂ ಓದಿಕೊಂಡು ಬರತೊಡಗಿದರು. ಕಂಪ್ಲಿಯ ಲೋಟದಲ್ಲಿ ಅತ್ತೆಯ ಹೆಸರೂ ಇತ್ತು. ಹಾಕಿಸದೆ ಅವರು ಬಿಡಲಿಲ್ಲ.

ಸಂಯೋಜಕರು ಒಂದು ಬೆಳಿಗ್ಗೆ ಬಂದು ನನ್ನ ಪಕ್ಕ ಕೂತು ಪಾಠ ಕೇಳಿದರು. ಸ್ಪೀಕರಿನಿಂದ ಒಂದರ ಹಿಂದೆ ಒಂದು ಊಹೂಂ ಬಂದಂತೆಲ್ಲ ಅವರ ಮುಖ ಇಳಿಯುತ್ತಿತ್ತು. "ಏನಮ್ಮಾ, ಯಾರಿಗೂ ಏನೂ ಬರೂದಿಲ್ಲಲ್ಲ?" ಎಂದರು. ಕಿರುಪರೀಕ್ಷೆಯ ಉತ್ತರಗಳನ್ನು ನೋಡಿದ ದಿನ ಮಾತ್ರ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಭಾನುವಾರ ಯಾರೂ ಬರೂದು ಬ್ಯಾಡ. ಹಿಂಗೇ ನಡೀಲಿ," ಎಂದರು.

ಅವಧಿಯ ಕೊನೆಯ ಪರೀಕ್ಷೆ ಮಾತ್ರ ಹೊಸಪೇಟೆಯಲ್ಲೇ. ಸಂಡೂರಿನ ದನಿಗಳಿಗೆ ಮುಖ ಸಿಕ್ಕಿದ್ದು ಅಂದು. ಗುಮಾಸ್ತನ ದೊಡ್ಡ ದನಿ ಒಬ್ಬ ಸಣಕಲು ಮನುಷ್ಯನದು. ಶರ್ಟಿನ ಕಾಲರಿನಲ್ಲಿ ಕೆಂಪು ಧೂಳಿನ ಗೆರೆ ಹಾಗೇ ಕೂತಿತ್ತು. ಸೊಸೆಯೂ ಬಂದಿದ್ದಳು. ನಾನು ಅವಳ ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ.

"ಅತ್ತೆ?"

"ಗಿರಣಿಗೆ ಭತ್ತ ಬಂದೈತ್ರಿ, ಬರಲಿಲ್ಲ. ದಾರಿ ತೋರ್ಸಾಕ ನಾನೇನು ಕಂಡಕ್ಟರೇನು, ಬಸ್ಸಿನ ಮ್ಯಾಲ ಊರ ಹೆಸರು ಬರದಿರತೈತಿ, ನೀನೇ ಹೋಗು ಅಂದ್ರು." ಸ್ವಲ್ಪ ತಡೆದು ಹೇಳಿದಳು, "ಮುಂದಿನ ಅವಧಿಗೆ ಏನು ಪಾಠ ಅಂತ ಕೇಳ್ಕೊಂಡು ಬಾ ಅಂದಾರ್ರಿ."

"ಸಂಭವನೀಯತೆ. ಒಂದು ಸಂಗತಿ ಆಗುವುದು ಎಷ್ಟು ಖಾತ್ರಿ ಎಂದು ಲೆಕ್ಕ ಹಾಕುವುದು."

ಅವಳು ಯೋಚಿಸಿದಳು. "ಆಗೇ ಆಗತೈತಿ ಅಂತ ಹೇಳಂಗಿಲ್ಲೇನ್ರಿ?"

"ಇಲ್ಲ."

"ಊಹೂಂ," ಎಂದು ತಲೆಯಾಡಿಸಿದಳು. "ಇದನ್ನ ಅತ್ತಿ ಒಪ್ಪೂದಿಲ್ರಿ ಮೇಡಂ. ನೀವು ಗಟ್ಟಿಯಾಗಿ ತಯಾರಾಗಿ ಬರ್ರಿ."

ಕಂಪ್ಲಿಯ ಬಸ್ಸು ಬಂತು. ಅವಳು ಓಡಿ ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಡ್ಯಾಂ ಬಸ್ಸಿಗೆ ಕಾಯುತ್ತ ನಿಂತೆ. ಅತ್ತೆಯನ್ನು ಒಪ್ಪಿಸುವ ಮೊದಲ ತುಣುಕನ್ನು ಎಲ್ಲಿಂದ ಶುರು ಮಾಡಬೇಕೆಂದು ಆಗಲೇ ಮನಸ್ಸಿನಲ್ಲಿ ಹುಡುಕುತ್ತಿದ್ದೆ.