ನಾಲ್ಕು ನಿಮಿಷ ಮೊದಲೇ

ಮೊನ್ನೆ ನಮ್ಮ ಬೀದಿಯಲ್ಲಿ ಯಾರದೋ ಗೇಟಿಗೆ ವೆಲ್ಡಿಂಗ್ ನಡೆದಿತ್ತು. ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ಗಡಿಯಾರದ ಕಡೆ ಹೋಯಿತು. ಪೀಣ್ಯದ ಆ ವೆಲ್ಡಿಂಗ್ ಅಣ್ಣ ನೆನಪಾದರು...

ಎಂಬತ್ತರ ದಶಕದ ಕೊನೆ. ಪರದೇಶದ ಉಪಗ್ರಹದ ಸಂಕೇತದಿಂದ ಕರಾರುವಾಕ್ಕಾದ ಸಮಯ ಹಿಡಿಯುವ ಯಂತ್ರವೊಂದನ್ನು ನಾವು ಅಲ್ಲಿನ ಶೆಡ್ಡಿನಲ್ಲಿ ಕಟ್ಟುತ್ತಿದ್ದೆವು. ಸಂಕೇತ ಅವರ ಸೈನ್ಯದ ಗುಟ್ಟಿನ ಭಾಷೆಯಲ್ಲಿತ್ತು. ಅದನ್ನು ಅದರದೇ ನಕಲಿನಿಂದ ಗುಣಿಸಿದರೆ ಗುಟ್ಟು ಒಡೆಯದೆಯೂ ಸಮಯ ಅಳೆಯಲು ಬೇಕಾದ ತಾಳ ಸಿಗುತ್ತಿತ್ತು. ಆದರೆ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಕಿಡಿ ಹಾರಿದರೆ ಎಲ್ಲವೂ ಗದ್ದಲ. ಹಾಗಾಗಿ ಉಪಗ್ರಹ ಬರುವ ಹೊತ್ತನ್ನು ದಿನವೂ ಆ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಚಿಕ್ಕಬಾಣಾವರದಿಂದ ಸೈಕಲ್ ತುಳಿದು ಬರುತ್ತಿದ್ದ ಆ ಅಣ್ಣ ಅಷ್ಟು ಹೊತ್ತು ಕೆಲಸ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು.

"ಅದು ಏನ್ ಏಳ್ತದೆ ಸಾರ್?" ಎಂದು ಒಮ್ಮೆ ಕೇಳಿದರು.

"ನಮಗೂ ತಿಳಿಯಲ್ಲ ಅಣ್ಣ. ತಾಳ ಮಾತ್ರ ಸಿಗುತ್ತೆ."

"ಸಾಕು ಬುಡಿ. ಭಜನೆಗೂ ಅಷ್ಟೇ ಅಲ್ವಾ."

ಕೆಲಸ ಒಪ್ಪಿಸಿದ್ದ ಇಲಾಖೆಯವರು ಪರೀಕ್ಷೆಗೆ ಬರುವವರಿದ್ದರು. ಅಂದು ತಾಳ ಸಿಗದಿದ್ದರೆ ಯಂತ್ರ ಮೂಲೆಗೆ, ನಾನು ಮನೆಗೆ. ಅವರ ಭೇಟಿ ಒಂದು ದಿನ ಮುಂದಕ್ಕೆ ಹೋಯಿತು. ಗಾಬರಿಯಲ್ಲಿ ಬಾಗಿಲ ಮೇಲಿನ ಹೊತ್ತನ್ನು ತಿದ್ದಲು ಮರೆತೆ. ಉಪಗ್ರಹ ದಿನಕ್ಕೆ ನಾಲ್ಕು ನಿಮಿಷ ಮೊದಲೇ ಬರುತ್ತದೆ. ಶೆಡ್ಡುಗಳ ಸಂದಿಯಲ್ಲಿ ನಮಗೆ ಅದು ಸಿಗುತ್ತಿದ್ದುದೇ ಆರು ನಿಮಿಷ.

ಇದು ಹೊಳೆದದ್ದು ಅಧಿಕಾರಿಗಳು ಬೆನ್ನ ಹಿಂದೆ ಬಂದು ನಿಂತ ಮೇಲೆ. ಉಪಗ್ರಹ ಬರಲು ಇನ್ನು ಒಂದೇ ನಿಮಿಷ. ಪಕ್ಕದಲ್ಲಿ ಚರಚರ ಸದ್ದು ನಡೆದೇ ಇತ್ತು. ಯಂತ್ರ ಬಿಟ್ಟು ಏಳುವಂತಿಲ್ಲ, ಕೂಗಿದರೆ ಮಾನ ಹೋಗುತ್ತದೆ.

ಸದ್ದು ನಿಂತಿತು. ತಗಡಿನ ಗೋಡೆಯಾಚೆ ಅವರ ಓನರ್ ಗದರಿದ್ದು ಕೇಳಿಸಿತು. "ಇವತ್ತೇ ಮಾಲು ಹೋಗ್ಬೇಕು, ಯಾಕಯ್ಯ ನಿಲ್ಲಿಸ್ದೆ? ಇನ್ನೂ ಟೈಮ್ ಆಗಿಲ್ಲ."

"ಅವ್ರು ನೆನ್ನೆ ಟೈಮ್ ಅಳಿಸಿಲ್ಲ ಯಜಮಾನ್ರೆ. ಅದು ದಿನಾ ನಾಕ್ ನಿಮಿಷ ಮುಂಚೆ ಬತ್ತದೆ."

ಅದನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಓದಿದವನು ನಾನು, ಲೆಕ್ಕ ಹಿಡಿದವರು ಅವರು. ತಾಳ ಸಿಕ್ಕಿ, ಯಂತ್ರದ ಪರದೆಯ ಮೇಲಿನ ಗೆರೆ ಅಲುಗದೆ ನಿಂತಿತು.

ಆಮೇಲೆ ಊಟ, ಹೊಗಳಿಕೆ. ಮೂರನೆಯ ದಿನ ಮೈಸೂರುಪಾಕು ಹಿಡಿದು ಹೋದರೆ ಅಲ್ಲಿ ಬೇರೆ ಯಾರೋ ಕೆಲಸ ಮಾಡುತ್ತಿದ್ದರು. ಹೊತ್ತಿಗೆ ಮುಂಚೆ ಕೆಲಸ ನಿಲ್ಲಿಸಿದ್ದಕ್ಕೆ ಓನರ್ ಅವರನ್ನು ಅಂದೇ ಕೆಲಸ ಬಿಡಿಸಿದ್ದ. ನನಗೆ ನಾಚಿಕೆಯಾಯಿತು. ಎರಡು ಭಾನುವಾರ ಚಿಕ್ಕಬಾಣಾವರದಲ್ಲಿ ಹುಡುಕಿದೆ. ಏನೆಂದು ವಿಚಾರಿಸಲಿ? ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಅಣ್ಣ, ಅಣ್ಣ ಎಂದೇ ಕಾಲ ಕಳೆದಿದ್ದೆ...

ಈಗ ಎಲ್ಲರ ಜೇಬಿನ ಫೋನಿಗೂ ಉಪಗ್ರಹ ಹೊತ್ತು ತಿಳಿಸುತ್ತದೆ. ಮೊನ್ನೆ ನಾನು ನಿಂತೇ ಇದ್ದದ್ದನ್ನು ಕಂಡು ಗೇಟಿನ ಕೆಲಸದವರು ಮುಖದ ಕವಚ ಎತ್ತಿದರು.

"ತೊಂದ್ರೆ ಆಯ್ತಾ ಸಾರ್? ನಿಲ್ಲಿಸ್ಲಾ?"

ಬೇಡ, ಮಾಡಿ ಎಂದೆ. ಆಮೇಲೆ ಅವರ ಹೆಸರು ಕೇಳಿದೆ.